ಪವನಿನ ಲೆಕ್ಕ, ರೂಪಾಯಿಯ ಸಂಬಳ

ನನ್ನದು ಮಂಜೇಶ್ವರ ತಾಲೂಕಿನ ಒಳಭಾಗದಲ್ಲಿ ಒಂದು ಸಣ್ಣ ಜೀನಸಿನ ಅಂಗಡಿ. ಮೊದಲು ಉಪ್ಪ ನಡೆಸುತ್ತಿದ್ದರು, ಈಗ ನಾನು. ಅಂಗಡಿಯ ಎದುರು ಒಂದು ಬೆಂಚು ಇದೆ. ಅಸರ್ ನಮಾಜು ಮುಗಿಸಿ ಬಂದವರು ಮಗ್ರಿಬ್ ಬಾಂಗಿನ ತನಕ ಅಲ್ಲಿ ಕೂತು ಲೋಕದ ಎಲ್ಲಾ ವಿಷಯ ತೀರ್ಮಾನ ಮಾಡುತ್ತಾರೆ. 2025ರ ನವೆಂಬರಿನಲ್ಲಿ ಒಂದು ದಿನ ಅಲ್ಲಿ ಪತ್ರಿಕೆ ಹಿಡಿದು ಕೂತಿದ್ದ ಹುಡುಗನೊಬ್ಬ ಗಟ್ಟಿಯಾಗಿ ಓದಿದ: ಅಕ್ಟೋಬರ್ ತಿಂಗಳಲ್ಲಿ ದೇಶದ ಹಣದುಬ್ಬರ ಶೇ. 0.25ಕ್ಕೆ ಇಳಿದಿದೆ, ಈಗಿನ ಲೆಕ್ಕದ ಪದ್ಧತಿ ಶುರುವಾದ ಮೇಲೆ ಇಷ್ಟು ಕಡಿಮೆ ಯಾವತ್ತೂ ಆಗಿರಲಿಲ್ಲ. ಬೆಂಚಿನಲ್ಲಿ ದೊಡ್ಡ ನಗು ಎದ್ದಿತು. ಆ ಹೊತ್ತಿಗೆ ನಾನು ಒಂದು ಸಣ್ಣ ಹುಡುಗಿಗೆ ಕಾಲು ಲೀಟರ್ ತೆಂಗಿನೆಣ್ಣೆ ಅಳೆದು ಕೊಡುತ್ತಿದ್ದೆ. ಆ ಮನೆಗೆ ಮೊದಲು ಲೀಟರ್ ಲೆಕ್ಕದಲ್ಲಿ ಹೋಗುತ್ತಿತ್ತು.

ನಗು ನಿಂತ ಮೇಲೆ ನಮ್ಮ ಊರಿನ ಹಾಜಿಯವರೊಬ್ಬರು ಹೇಳಿದರು: "ಈ ಪರ್ಸೆಂಟ್ ಎಲ್ಲ ಬಿಡಿ. ಬೆಲೆ ಹಿಂದಿನ ಹಾಗೆ ಇಳಿಯಬೇಕು. ಅಕ್ಕಿ ಇಳಿಯಬೇಕು, ಮೀನು ಇಳಿಯಬೇಕು, ಚಿನ್ನ ಇಳಿಯಬೇಕು, ಕೂಲಿಯೂ ಇಳಿಯಬೇಕು. ಆಗ ಬಡವ ಬದುಕುತ್ತಾನೆ." ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಹಾಜಿಯವರು ಪ್ರತಿ ತಿಂಗಳ ಒಂದನೇ ತಾರೀಕಿಗೆ ಲೆಕ್ಕ ಚುಕ್ತಾ ಮಾಡುವವರು. ಅಂಥ ಗಿರಾಕಿಯ ಜೊತೆ ವಾದ ಮಾಡುವ ಧೈರ್ಯ ಅಂಗಡಿಯವನಿಗೆ ಇರುವುದಿಲ್ಲ. ಆದ್ದರಿಂದ ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹಾಜಿಯವರೇ, ನಿಮ್ಮ ಮಾತು ತಪ್ಪು. ಬರೇ ತಪ್ಪಲ್ಲ, ಬಡವನ ಮಟ್ಟಿಗೆ ಅಪಾಯದ ಮಾತು.

ಮೊದಲು ಆ 0.25ರ ವಿಷಯ. ಸರಕಾರ ಸುಳ್ಳು ಹೇಳುತ್ತದೆ ಎಂದು ಬೆಂಚಿನವರು ತೀರ್ಮಾನಿಸಿದರು. ಸುಳ್ಳಲ್ಲ. ಹಣದುಬ್ಬರ ಕಡಿಮೆಯಾಯಿತು ಎಂದರೆ ಬೆಲೆ ಕಡಿಮೆಯಾಯಿತು ಎಂದಲ್ಲ, ಬೆಲೆ ಏರುವ ವೇಗ ಕಡಿಮೆಯಾಯಿತು ಎಂದು. ಬಸ್ಸು ನಿಧಾನವಾದರೆ ಹಿಂದಕ್ಕೆ ಬಂತು ಎನ್ನುವುದಿಲ್ಲ. ಅದರಲ್ಲೂ ಆ ತಿಂಗಳು ಆಹಾರದ ಬೆಲೆ ಹಿಂದಿನ ವರ್ಷದ ಅಕ್ಟೋಬರಿಗಿಂತ ಶೇ. 5ರಷ್ಟು ಕೆಳಗೇ ಇತ್ತು. ಆದರೆ ಅದು ಇಡೀ ದೇಶದ ಸರಾಸರಿ. ಅದೇ ಪಟ್ಟಿಯಲ್ಲಿ ಕರ್ನಾಟಕದ ಅಂಕಿ 2.34, ಕೇರಳದ್ದು 8.56. ತಲಪಾಡಿಯ ಗೇಟು ದಾಟಿದ ಕೂಡಲೇ ಅಕ್ಕಿಯ ಬೆಲೆ ಬದಲಾಗುವುದಿಲ್ಲ ಎಂದು ನಮಗೆ ಗೊತ್ತು. ಉಳ್ಳಾಲದ ಬ್ಯಾರಿಯೂ ಉಪ್ಪಳದ ಬ್ಯಾರಿಯೂ ಮಂಗಳೂರಿನ ಅದೇ ಬಂದರಿನಿಂದ ಬಂದ ಸಾಮಾನು ತಿನ್ನುತ್ತಾರೆ. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು? ಮುಖ್ಯವಾಗಿ ಎರಡು ವಸ್ತುಗಳಿಂದ. ಒಂದು ತೆಂಗಿನೆಣ್ಣೆ. 2025ರ ಮಳೆಗಾಲದಲ್ಲಿ ಅದು ಲೀಟರಿಗೆ 400 ದಾಟಿತು, ಮತ್ತು ಕೇರಳದ ಅಡುಗೆಮನೆ ಅದಿಲ್ಲದೆ ನಡೆಯುವುದಿಲ್ಲ. ಇನ್ನೊಂದು ಚಿನ್ನ. ಹೌದು, ಹಣದುಬ್ಬರ ಅಳೆಯುವ ಬುಟ್ಟಿಯಲ್ಲಿ ಚಿನ್ನವೂ ಇದೆ. 2025ರಲ್ಲಿ ದೇಶದ ಲೆಕ್ಕದಲ್ಲಿ ಅದರ ತೂಕ ನೂರರಲ್ಲಿ ಒಂದಂಶದಷ್ಟಿತ್ತು.

ನೂರರಲ್ಲಿ ಒಂದಂಶ! ಹೆಣ್ಣು ಮಕ್ಕಳಿರುವ ನಮ್ಮ ಮನೆಗಳಲ್ಲಿ ಅದು ಎಷ್ಟಂಶ ಎಂದು ಹೇಳುವವರು ಯಾರು? ಈ ಲೇಖನ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ. ಅದಕ್ಕಿಂತ ಮೊದಲು ಹಾಜಿಯವರ ಹಳೆಯ ಕಾಲಕ್ಕೆ ಒಮ್ಮೆ ಹೋಗಿ ಬರಬೇಕು.

ಉಪ್ಪನ ಸಾಲದ ಪುಸ್ತಕಗಳನ್ನು ನಾನು ಬಿಸಾಡಿಲ್ಲ. ಗೆದ್ದಲು ಹಿಡಿದದ್ದು ಹೋಗಿ ಉಳಿದವು ಹಲಗೆಯ ಮೇಲಿವೆ. 2005ರ ಪುಸ್ತಕ ತೆಗೆದು ನೋಡಿದೆ. ಕುಚ್ಚಲಕ್ಕಿ ಕಿಲೋಗೆ 15 ರೂಪಾಯಿ. ಆಗ ನಮ್ಮಲ್ಲಿ ಮೇಸ್ತ್ರಿಯ ಕೈಕೆಳಗೆ ಕಲ್ಲು ಹೊರುವವನಿಗೆ ದಿನಕ್ಕೆ 175. ಅಂದರೆ ಒಂದು ದಿನದ ದುಡಿಮೆಗೆ ಹನ್ನೊಂದೂವರೆ ಕಿಲೋ ಅಕ್ಕಿ. ಈಗ ಅದೇ ಅಕ್ಕಿ 50, ಅದೇ ಕೆಲಸಕ್ಕೆ 900. ಹದಿನೆಂಟು ಕಿಲೋ. ನಮ್ಮ ಕಡೆಯ ಕೂಲಿ ದೇಶದ ಬೇರೆ ಕಡೆಗಿಂತ ಬಹಳ ಮೇಲೆ ಎನ್ನುವುದನ್ನೂ ಹೇಳಬೇಕು. 2022-23ರಲ್ಲಿ ಕಟ್ಟಡ ಕೆಲಸದವನ ದಿನದ ಕೂಲಿ ಕೇರಳದಲ್ಲಿ 852 ರೂಪಾಯಿ, ದೇಶದ ಸರಾಸರಿ 393 ಎಂದು ರಿಸರ್ವ್ ಬ್ಯಾಂಕಿನ ಕೈಪಿಡಿಯೇ ಹೇಳುತ್ತದೆ. ಬಂಗಾಳದಿಂದ, ಅಸ್ಸಾಮಿನಿಂದ ಹುಡುಗರು ಇಲ್ಲಿಗೆ ಬರುವುದು ನಮ್ಮ ಮಳೆ ನೋಡಲಿಕ್ಕಲ್ಲ.

ಹಾಗಾದರೆ ಅಕ್ಕಿಯ ಬೆಲೆ ಮೂರು ಪಟ್ಟಿಗೂ ಹೆಚ್ಚು ಏರಿದರೂ ಕೂಲಿಯವನ ಅನ್ನ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಬೆಲೆ ಮಾತ್ರ ನೋಡಿ ಅಳುವವರು ಬೆಲೆಯ ಪಕ್ಕದ ಕಾಲಂ ನೋಡುವುದಿಲ್ಲ. ಒಂದು ರೂಪಾಯಿಗೆ ಅಷ್ಟು ಸಿಗುತ್ತಿತ್ತು, ಎಂಟಾಣೆಗೆ ಇಷ್ಟು ಬೂತಾಯಿ ಸಿಗುತ್ತಿತ್ತು ಎಂದು ಹೇಳುವವರ ಹತ್ತಿರ ನಾನು ಕೇಳುವುದು ಒಂದೇ: ಆ ರೂಪಾಯಿ ಯಾರ ಕೈಯಲ್ಲಿ ಇತ್ತು? ನನ್ನ ಉಪ್ಪನ ಕೈಯಲ್ಲಿ ಇರಲಿಲ್ಲ.

ಈಗ ಬೆಲೆ ನಿಜವಾಗಿ ಇಳಿದ ಕಾಲಕ್ಕೆ ಬರೋಣ. ಎಲ್ಲಾ ವಸ್ತುಗಳ ಬೆಲೆಯೂ ವರ್ಷಗಟ್ಟಲೆ ಇಳಿಯುತ್ತಾ ಹೋಗುವುದಕ್ಕೆ ಹಣದಿಳಿತ ಎನ್ನುತ್ತಾರೆ. ಹಾಜಿಯವರು ಬೇಡಿದ್ದು ಅದನ್ನೇ. ನಮ್ಮ ಕರಾವಳಿ ಅದನ್ನು ಒಮ್ಮೆ ಚೆನ್ನಾಗಿ ಕಂಡಿದೆ. ಕಾಸರಗೋಡು ಆಗ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1929ರ ನಂತರ ಲೋಕದ ಮಾರುಕಟ್ಟೆ ಬಿತ್ತು. ಅಕ್ಕಿ, ತೆಂಗು, ಕಾಳುಮೆಣಸು ಎಲ್ಲದರ ಬೆಲೆ ಕೆಲವೇ ವರ್ಷಗಳಲ್ಲಿ ಅರ್ಧದ ಹತ್ತಿರಕ್ಕೆ ಇಳಿಯಿತು. ಬರ್ಮಾದ ಅಗ್ಗದ ಅಕ್ಕಿ ಮದ್ರಾಸ್ ಪ್ರಾಂತ್ಯಕ್ಕೆ ಹಡಗಿನಲ್ಲಿ ಬಂದು ಬೀಳುತ್ತಿತ್ತು. ಊಟ ಅಗ್ಗವಾಯಿತಲ್ಲ, ಬಡವ ಬದುಕಬೇಕಿತ್ತಲ್ಲ?

ನಮ್ಮ ಮನೆಯಲ್ಲಿ ಹಿರಿಯರು ಹೇಳಿಕೊಂಡು ಬಂದ ಕತೆ ಹೀಗಿದೆ. ನನ್ನ ಮುತ್ತಜ್ಜ ಎತ್ತು ಕೊಳ್ಳಲು ಒಬ್ಬ ಸಾಹುಕಾರರಿಂದ ಸಾಲ ತೆಗೆದಿದ್ದರು. ತೆಗೆದಾಗ ಅದು ಹತ್ತು ಮುಡಿ ಅಕ್ಕಿಯ ಬೆಲೆ. ಗದ್ದೆಯಲ್ಲಿ ಬೆಳೆ ಕೆಟ್ಟಿರಲಿಲ್ಲ. ಮಳೆ ಸರಿಯಾಗಿಯೇ ಬಂದಿತ್ತು. ಆದರೆ ಹಿಂದೆ ಕೊಡಲು ಹೋದಾಗ ಅದೇ ಹಣಕ್ಕೆ ಇಪ್ಪತ್ತು ಮುಡಿ ಮಾರಬೇಕಾಯಿತು. ಮೇಲೆ ಬಡ್ಡಿ ಬೇರೆ. ಮುತ್ತಜ್ಜ ಹೆಚ್ಚು ಖರ್ಚು ಮಾಡಿರಲಿಲ್ಲ, ಸೋಮಾರಿಯಾಗಿರಲಿಲ್ಲ, ಹೊಸ ಸಾಲ ತೆಗೆದಿರಲಿಲ್ಲ. ಅವರು ಮಲಗಿದಲ್ಲೇ ಅವರ ಸಾಲ ಎರಡು ಪಟ್ಟಾಯಿತು. ಕೊನೆಗೆ ಮುತ್ತಜ್ಜಿಯ ಕಿವಿಯ ಅಲಿಕತ್ತ್ ಬಿಚ್ಚಿ ಮಾರಿದರು. ಅವರು ಸಾಯುವ ತನಕ ಬರಿಕಿವಿಯಲ್ಲೇ ಇದ್ದರಂತೆ. ಅಷ್ಟೊಂದು ತೂತುಗಳಿರುವ ಖಾಲಿ ಕಿವಿ ನೋಡಿದರೆ ಮಕ್ಕಳು ಹೆದರುತ್ತಾರೆ ಎಂದು ತಲೆವಸ್ತ್ರ ಎಳೆದುಕೊಳ್ಳುತ್ತಿದ್ದರು ಎಂದು ನನ್ನ ಅಜ್ಜಿ ಹೇಳುತ್ತಿದ್ದರು.

ಅದು ಒಂದು ಮನೆಯ ಕತೆಯಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ತನ್ನ ಪೌಂಡನ್ನು ಚಿನ್ನದಿಂದ ಬಿಡಿಸಿತು. ನಮ್ಮ ರೂಪಾಯಿಯನ್ನು ಒಂದು ಶಿಲ್ಲಿಂಗ್ ಆರು ಪೆನ್ಸಿನ ದರಕ್ಕೆ ಪೌಂಡಿಗೇ ಕಟ್ಟಿ ಹಾಕಿದ್ದರು. ಚಿನ್ನದ ಬೆಲೆ ಮೇಲೆ ಹೋಯಿತು, ಬೆಳೆಯ ಬೆಲೆ ಕೆಳಗೇ ಉಳಿಯಿತು. ಹಿಂದೂಸ್ತಾನದ ಹಳ್ಳಿಹಳ್ಳಿಯ ಹೆಂಗಸರ ಕಿವಿ, ಕುತ್ತಿಗೆ, ಕೈಗಳಿಂದ ಬಿಚ್ಚಿದ ಚಿನ್ನ ಬೊಂಬಾಯಿ ಬಂದರಿನಿಂದ ಹಡಗು ಹತ್ತಿತು. ತೀರ್ವೆ ಕಟ್ಟಲು, ಬಡ್ಡಿ ಕಟ್ಟಲು ಮಾರಿದ ಚಿನ್ನ ಅದು. ತೀರ್ವೆಯೂ ಸಾಲವೂ ನಗದಿನಲ್ಲಿ ನಿಗದಿಯಾಗಿದ್ದವು. ಬೆಳೆಯ ಬೆಲೆ ಬಿದ್ದಷ್ಟು ಅವು ಇಳಿಯಲಿಲ್ಲ.

ಹಾಜಿಯವರೇ, ನೀವು ಇಳಿಯಬೇಕೆಂದ ಪಟ್ಟಿಯಲ್ಲಿ ಅಕ್ಕಿ ಇತ್ತು, ಮೀನು ಇತ್ತು, ಕೂಲಿ ಇತ್ತು. ಸಾಲ ಇರಲಿಲ್ಲ. ನೀವು ಬೇಕೆಂದು ಬಿಟ್ಟದ್ದಲ್ಲ ಎಂದು ನನಗೆ ಗೊತ್ತು. ಸಾಲವಿಲ್ಲದವರಿಗೆ ಅದು ನೆನಪಾಗುವುದಿಲ್ಲ.

ಆ ಕಾಲದ ಸಾಲ ಎಷ್ಟು ಅನ್ಯಾಯವಾಗಿತ್ತು ಎಂದರೆ ಕೊನೆಗೆ ಕಾನೂನೇ ಕೈ ಹಾಕಬೇಕಾಯಿತು. 1938ರಲ್ಲಿ ರಾಜಾಜಿಯವರ ಸರಕಾರ ಮದ್ರಾಸ್ ಕೃಷಿಕರ ಪರಿಹಾರ ಕಾಯಿದೆ ತಂದಿತು. 1932ರ ಅಕ್ಟೋಬರಿಗಿಂತ ಹಿಂದಿನ ಸಾಲಗಳ ಮೇಲೆ 1937ರ ಅಕ್ಟೋಬರಿನವರೆಗೆ ಬಾಕಿ ಇದ್ದ ಬಡ್ಡಿಯನ್ನೆಲ್ಲ ಹೊಡೆದು ಹಾಕಿತು. ಸಾಹುಕಾರರು ಕೊಟ್ಟ ಮಾತು, ಬರೆದ ಪತ್ರ ಎಂದೆಲ್ಲ ಹೇಳಿರಬಹುದು. ಆದರೆ ಪತ್ರ ಬರೆದ ದಿನದ ರೂಪಾಯಿ ಬೇರೆ, ವಸೂಲಿ ಮಾಡುವ ದಿನದ ರೂಪಾಯಿ ಬೇರೆ ಎಂದು ಒಂದು ಸರಕಾರ ಒಪ್ಪಿಕೊಂಡಿತು. ಈ ಮಾತು ನೆನಪಿಡಿ, ಮತ್ತೆ ಬೇಕಾಗುತ್ತದೆ.

ಅಷ್ಟು ಹಿಂದೆ ಹೋಗುವುದು ಬೇಡ ಎನ್ನುವವರಿಗೆ ಅಡಿಕೆ ಇದೆ. 2000ದ ಆಚೀಚೆ ಅಡಿಕೆಯ ಬೆಲೆ ಬಿದ್ದಾಗ ನಾನು ಉಪ್ಪನ ಜೊತೆ ಅಂಗಡಿಯಲ್ಲಿ ನಿಲ್ಲುತ್ತಿದ್ದೆ. ಒಂದೇ ವಸ್ತುವಿನ ಬೆಲೆ ಬಿದ್ದರೆ ಅದನ್ನು ಹಣದಿಳಿತ ಎನ್ನಲಾಗದು, ಸರಿ. ಆದರೆ ಬದಿಯಡ್ಕ, ಪೆರ್ಲ, ಮೀಯಪದವಿನಂಥ ಕಡೆಗೆ ಅಡಿಕೆಯೇ ನಾಣ್ಯ. ತೋಟದವರು ಸಹಕಾರಿ ಬ್ಯಾಂಕಿಗೆ ಕಟ್ಟಬೇಕಾದ ಕಂತು ಇಳಿಯಲಿಲ್ಲ. ಆಗ ಅವರು ಮೊದಲು ನಿಲ್ಲಿಸಿದ್ದು ಏನನ್ನು? ಬುಡ ಬಿಡಿಸುವ ಕೆಲಸವನ್ನು, ಬೇಲಿ ಕಟ್ಟುವ ಕೆಲಸವನ್ನು, ಅಡಿಕೆ ಸುಲಿಯುವ ಹೆಂಗಸರನ್ನು. ಅಡಿಕೆ ಬೆಳೆಯದ ಮನೆಗಳ ಸಾಲದ ಪುಟವೇ ನಮ್ಮ ಪುಸ್ತಕದಲ್ಲಿ ಮೊದಲು ತುಂಬಿತು. ಬೆಲೆ ಇಳಿಯುವ ಕಾಲದಲ್ಲಿ ಕೂಲಿಯವನಿಗೆ ಬರುವ ಮೊದಲ ಸುದ್ದಿ "ಅಕ್ಕಿ ಅಗ್ಗ" ಎಂದಲ್ಲ, "ನಾಳೆ ಬರಬೇಡ" ಎಂದು.

ಅಂಗಡಿಯವನಾಗಿ ಇನ್ನೊಂದು ವಿಷಯ ಹೇಳುತ್ತೇನೆ. ಮುಂದಿನ ತಿಂಗಳು ಸಕ್ಕರೆ ಇನ್ನೂ ಇಳಿಯುತ್ತದೆ ಎಂದು ಗೊತ್ತಾದರೆ ನಾನು ಈ ತಿಂಗಳು ಗೋಣಿ ತರುವುದಿಲ್ಲ. ನೀವು ಮನೆ ಕಟ್ಟುವುದನ್ನು ಮುಂದೆ ಹಾಕುತ್ತೀರಿ. ಮೇಸ್ತ್ರಿ ಮನೆಯಲ್ಲಿ ಕೂರುತ್ತಾನೆ. ಕಪಾಟಿನಲ್ಲಿ ನೋಟು ಇಟ್ಟು ಸುಮ್ಮನೆ ಕೂತವನು ಗೆಲ್ಲುತ್ತಾನೆ, ದುಡಿಯಲು ಹೊರಟವನು ಸೋಲುತ್ತಾನೆ. ಜಪಾನಿನಂಥ ಶ್ರೀಮಂತ ದೇಶವೇ 1990ರ ದಶಕದ ಕೊನೆಯಿಂದ ವರ್ಷಗಟ್ಟಲೆ ಈ ಕೆಸರಿನಲ್ಲಿ ಸಿಕ್ಕಿಕೊಂಡು, ಸಂಬಳ ಏರದೆ, 2013ರಲ್ಲಿ ಬೆಲೆ ವರ್ಷಕ್ಕೆ ಶೇ. 2 ಏರಲೇಬೇಕು ಎಂದು ಗುರಿ ಹಾಕಿಕೊಂಡಿತು. ನಮ್ಮ ರಿಸರ್ವ್ ಬ್ಯಾಂಕಿನ ಗುರಿಯೂ 2016ರಿಂದ ಸೊನ್ನೆಯಲ್ಲ, ಶೇ. 4. ಎರಡಕ್ಕಿಂತ ಕೆಳಗೆ ಹೋದರೂ ಅವರಿಗೆ ಅದು ತಪ್ಪೇ.

ಹಾಗೆಂದು ಹಣದುಬ್ಬರಕ್ಕೆ ನಾನು ಹಾರ ಹಾಕುವುದಿಲ್ಲ. ಅದು ಕೊಲ್ಲುವವರನ್ನು ನಾನು ಪ್ರತಿದಿನ ನೋಡುತ್ತೇನೆ. ಬಡ್ಡಿ ಹರಾಮು ಎಂದು ಬ್ಯಾಂಕಿನ ಹತ್ತಿರ ಹೋಗದೆ, ಹಜ್ಜಿಗೋ ಕಫನಿಗೋ ಎಂದು ನೋಟು ಕಟ್ಟಿಟ್ಟ ಅಜ್ಜಿಯಂದಿರು ಅವರು. ಬೆಲೆ ವರ್ಷಕ್ಕೆ ಶೇ. 6ರಂತೆ ಏರಿದರೆ ಹನ್ನೆರಡು ವರ್ಷದಲ್ಲಿ ಆ ಕಟ್ಟಿನ ಅರ್ಧವನ್ನು ಯಾರೂ ಬೀಗ ಒಡೆಯದೆ ಕದ್ದಂತೆ. (2016ರ ನೋಟು ರದ್ದತಿಯಲ್ಲಿ ಉಳಿದದ್ದನ್ನೂ ಸಾಲಿನಲ್ಲಿ ನಿಂತು ಬದಲಿಸಬೇಕಾಯಿತು, ಆ ಸಿಟ್ಟು ಬೇರೆ.) ಕೇರಳದ ಕ್ಷೇಮ ಪಿಂಚಣಿ 2021ರಿಂದ 2025ರ ಅಕ್ಟೋಬರಿನ ತನಕ 1,600ರಲ್ಲೇ ನಿಂತಿತ್ತು, ನವೆಂಬರಿನಿಂದ 2,000 ಆಯಿತು. ನಡುವಿನ ವರ್ಷಗಳಲ್ಲಿ ಅದರಿಂದ ಕೊಳ್ಳುವ ಸಾಮಾನು ವರ್ಷ ವರ್ಷ ಕಡಿಮೆಯಾಗುತ್ತಾ ಬಂದದ್ದನ್ನು ನಾನೇ ತಕ್ಕಡಿಯಲ್ಲಿ ತೂಗಿದ್ದೇನೆ. ಸರಕಾರಿ ನೌಕರನಿಗೆ ವರ್ಷಕ್ಕೆರಡು ಬಾರಿ ಲೆಕ್ಕ ಹಾಕುವ ತುಟ್ಟಿಭತ್ಯೆ ಇದೆ, ವಿಧವೆಗೆ ಇಲ್ಲ. ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಸಿಗುವ ಮಜೂರಿ ಏರಿದೆ ಎನ್ನುತ್ತಾರೆ. ಕಟ್ಟಲು ವಾರಕ್ಕೆ ಎಷ್ಟು ದಿನ ಎಲೆ ಸಿಗುತ್ತದೆ ಎಂದು ಕೇಳಿದರೆ ಮಾತು ನಿಲ್ಲುತ್ತದೆ. ಇವರಿಗಾಗಿ ಕೂಗಬೇಕು, ಸೂಚ್ಯಂಕ ಏರಿದ ಹಾಗೆ ಪಿಂಚಣಿಯೂ ತಾನಾಗಿ ಏರಲಿ ಎಂದು ಕೇಳಬೇಕು. ಅದು ನ್ಯಾಯದ ಬೇಡಿಕೆ. "ಎಲ್ಲ ಇಳಿಯಲಿ" ಎನ್ನುವುದು ನ್ಯಾಯದ ಬೇಡಿಕೆಯಲ್ಲ.

ಸಾಲ ಇರುವ ಸಾಮಾನ್ಯ ಮನುಷ್ಯನಿಗೆ ನಿಧಾನವಾದ ಹಣದುಬ್ಬರ ಏನು ಮಾಡುತ್ತದೆ ಎಂದು ನಮ್ಮ ಮನೆಯಲ್ಲೇ ನೋಡಿದ್ದೇನೆ. 2005ರಲ್ಲಿ ನನ್ನ ತಂಗಿಯ ಮದುವೆ. 30 ಪವನ್. ಆಗ ಪವನಿಗೆ ನಾಲ್ಕೂವರೆ ಸಾವಿರದ ಹತ್ತಿರ. ಉಪ್ಪ ಎಂಟು ಸೆಂಟ್ಸ್ ಜಾಗ ಮಾರಿ, ಒಂದು ಸಹಕಾರಿ ಬ್ಯಾಂಕಿನಿಂದ ಏಳು ವರ್ಷಕ್ಕೆ ಒಂದು ಲಕ್ಷ ಸಾಲ ತೆಗೆದರು. ತಿಂಗಳಿಗೆ 1,800ರ ಮೇಲೆ ಚಿಲ್ಲರೆ ಕಂತು. ಬಡ್ಡಿಯ ಸಾಲ ಎಂದು ಅವರು ಕೊನೆಯ ತನಕ ಒಳಗೊಳಗೇ ನೊಂದರು, ಅದು ಬೇರೆ ವಿಷಯ. ಮೊದಲ ವರ್ಷ ಆ ಕಂತು ಒಬ್ಬ ಕೂಲಿಯವನ ಹತ್ತು ದಿನದ ದುಡಿಮೆ. ಕೊನೆಯ ವರ್ಷ, 2012ರಲ್ಲಿ, ಕೂಲಿ 450 ಆಗಿತ್ತು. ಅದೇ ಕಂತು ನಾಲ್ಕು ದಿನದ ದುಡಿಮೆ. ಮುತ್ತಜ್ಜನ ಸಾಲ ಮಲಗಿದಲ್ಲೇ ಬೆಳೆಯಿತು, ಉಪ್ಪನ ಸಾಲ ಮಲಗಿದಲ್ಲೇ ಕರಗಿತು. ಇಬ್ಬರೂ ಪ್ರಾಮಾಣಿಕರೇ. ವ್ಯತ್ಯಾಸ ಕಾಲದ್ದು.

ಆದರೆ ಉಪ್ಪನ ಸಾಲ ಕರಗಿದ್ದು ಯಾಕೆ? ಅದು ರೂಪಾಯಿಯಲ್ಲಿ ಇದ್ದುದರಿಂದ. ಅದೇ ಸಾಲವನ್ನು ಪವನಿನಲ್ಲಿ ಬರೆದಿದ್ದರೆ?

ಈಗ ನಮ್ಮ ಊರಿನ ಒಬ್ಬ ರಿಕ್ಷಾ ಚಾಲಕರ ಲೆಕ್ಕ ಹೇಳುತ್ತೇನೆ. ಹೆಸರು ಬೇಡ, ಅವರ ಅನುಮತಿ ಪಡೆದೇ ಬರೆಯುತ್ತಿದ್ದೇನೆ. 2023ರ ಜನವರಿಯಲ್ಲಿ ಅವರ ಮಗಳಿಗೆ ಸಂಬಂಧ ಗಟ್ಟಿಯಾಯಿತು. ಮಾತು 30 ಪವನ್. ಆಗ ಪವನಿಗೆ 42,000. ಅಂದರೆ ಹನ್ನೆರಡೂವರೆ ಲಕ್ಷ ಚಿಲ್ಲರೆ. ಅದೇ ದೊಡ್ಡ ಮೊತ್ತ. ಆದರೂ ಜಾಗ, ಕುರಿ, ಸಂಬಂಧಿಕರು ಎಂದು ಹೇಗೋ ಲೆಕ್ಕ ಕೂಡಿಸಿದ್ದರು. ಹುಡುಗ ಗಲ್ಫಿನಲ್ಲಿ. ರಜೆ ಸಿಗಲಿಲ್ಲ, ಮನೆಯ ಕೆಲಸ ಮುಗಿಯಲಿಲ್ಲ, ಹುಡುಗನ ಮನೆಯಲ್ಲೊಂದು ಮರಣವಾಯಿತು. ಮದುವೆ ನಡೆದದ್ದು 2025ರ ಅಕ್ಟೋಬರ್ ಕೊನೆಗೆ. ಆ ತಿಂಗಳು ಪವನ್ 90,000 ದಾಟಿತ್ತು. 30 ಪವನ್ ಎಂದರೆ 27 ಲಕ್ಷ. ಮೇಲೆ ಶೇ. 3 ಜಿಎಸ್‌ಟಿ, ಮೇಲೆ ಕೆಲಸದ ಕೂಲಿ. ಎರಡೂ ಮುಕ್ಕಾಲು ವರ್ಷದಲ್ಲಿ ಹದಿನಾಲ್ಕೂವರೆ ಲಕ್ಷ ಹೆಚ್ಚು, ಅದೂ ಒಂದು ಗುಂಜಿ ಹೆಚ್ಚು ಚಿನ್ನ ಕೊಡದೆ.

ಅವರು ಹುಡುಗನ ಕಡೆಯವರಿಗೆ ಹೇಳಿಸಿ ನೋಡಿದರು. ಬಂದ ಉತ್ತರ ಬಹಳ ಮರ್ಯಾದೆಯದು: "ನಾವು ಹೆಚ್ಚು ಕೇಳಿಲ್ಲವಲ್ಲ, ಆವತ್ತು ಹೇಳಿದ್ದೇ ಸಾಕು." ಇದನ್ನು ಕೇಳಿದಾಗ ನನಗೆ ಮುತ್ತಜ್ಜನ ಸಾಹುಕಾರರು ನೆನಪಾದರು. ಅವರೂ ಒಂದು ಕಾಸು ಹೆಚ್ಚು ಕೇಳಿರಲಿಕ್ಕಿಲ್ಲ. ಬರೆದದ್ದನ್ನೇ ಕೇಳಿದರು. ಆ ಸಾಹುಕಾರರ ಬಡ್ಡಿ ಹೊಡೆಯಲು 1938ರಲ್ಲಿ ಒಂದು ಕಾನೂನು ಬಂತು. ಪವನಿನ ಮಾತನ್ನು ಇಳಿಸುವ ಕಾನೂನು ಎಲ್ಲಿದೆ? ಕಾನೂನಿನ ಕಣ್ಣಿಗೆ ಈ ಮಾತೇ ಇಲ್ಲ. 1961ರಿಂದ ಅದು ಅಪರಾಧ. ಇಲ್ಲದ ಮಾತಿಗೆ ಪರಿಹಾರವೂ ಇಲ್ಲ.

ಈಗ ದುಡಿಮೆಯ ದಿನಗಳಲ್ಲಿ ಲೆಕ್ಕ ಹಾಕಿ. 2005ರಲ್ಲಿ ಒಂದು ಪವನಿಗೆ ಕಲ್ಲು ಹೊರುವವನ 26 ದಿನ. 2025ರ ಅಕ್ಟೋಬರಿನಲ್ಲಿ 100 ದಿನ. ಅಕ್ಕಿಯಲ್ಲಿ ಅಳೆದರೆ ಅವನ ಕೂಲಿ ಒಂದೂವರೆ ಪಟ್ಟು ಏರಿದೆ, ಪವನಿನಲ್ಲಿ ಅಳೆದರೆ ಕಾಲಂಶಕ್ಕೆ ಬಿದ್ದಿದೆ. ಮೂವತ್ತು ಪವನ್ ಎಂದರೆ ಮೂರು ಸಾವಿರ ದಿನ. ಮಳೆ, ಹಬ್ಬ, ಜ್ವರ ಎಲ್ಲ ಕಳೆದು ವರ್ಷಕ್ಕೆ 300 ದಿನ ಕೆಲಸ ಸಿಕ್ಕಿತು ಎಂದು ಇಟ್ಟುಕೊಂಡರೂ ಹತ್ತು ವರ್ಷ. ಹತ್ತು ವರ್ಷ ಅವನು ಊಟ ಮಾಡಬಾರದು, ಬಟ್ಟೆ ಹಾಕಬಾರದು.

ಇದನ್ನೇ ನಾನು ಹೇಳಲು ಹೊರಟದ್ದು. ದೇಶದಲ್ಲಿ ಹಣದುಬ್ಬರ ಇರಬಹುದು. ಆದರೆ ಹೆಣ್ಣು ಮಕ್ಕಳ ತಂದೆ ಬದುಕುತ್ತಿರುವುದು 1931ರ ಹಣದಿಳಿತದೊಳಗೆ. ಯಾಕೆಂದರೆ ಅವನ ಮೇಲಿನ ಹೊರೆಯನ್ನು ನಾವು ಪವನ್ ಎಂಬ ನಾಣ್ಯದಲ್ಲಿ ಬರೆದಿದ್ದೇವೆ. ಆ ನಾಣ್ಯವನ್ನು ಯಾವ ರಿಸರ್ವ್ ಬ್ಯಾಂಕೂ ಅಚ್ಚು ಹಾಕುವುದಿಲ್ಲ. ಅದರಲ್ಲಿ ನೋಡಿದರೆ ಕೂಲಿ ಇಳಿಯುತ್ತಿದೆ, ರಿಕ್ಷಾದ ಬಾಡಿಗೆ ಇಳಿಯುತ್ತಿದೆ, ಐದು ಸೆಂಟ್ಸ್ ಜಾಗದ ಬೆಲೆಯೂ ಇಳಿಯುತ್ತಿದೆ. ಹೊರೆ ಮಾತ್ರ ಮೂವತ್ತಕ್ಕೆ ಮೂವತ್ತೇ. ಬೆಂಚಿನಲ್ಲಿ ಕೂತು ಹಣದುಬ್ಬರವನ್ನು ಬೈಯುವವರೇ ಮನೆಗೆ ಹೋಗಿ ಮಗನಿಗೆ ಹೆಣ್ಣು ನೋಡುವಾಗ ಪವನ್ ಎಣಿಸುತ್ತಾರೆ.

ಕೇಳುವವನ ಸಂಬಳ ಯಾವುದರಲ್ಲಿ ಎಂದೂ ನೋಡಬೇಕು. ಯುಎಇಯ ದಿರ್ಹಾಮನ್ನು 1997ರಿಂದ ಡಾಲರಿಗೆ 3.6725ರಂತೆ ಕಟ್ಟಿದ್ದಾರೆ. ರೂಪಾಯಿ ಜಾರಿದ ಹಾಗೆ ದಿರ್ಹಾಮ್ ಏರುತ್ತದೆ. 2010ರಲ್ಲಿ 12 ರೂಪಾಯಿಯ ಆಸುಪಾಸು ಇದ್ದದ್ದು 2025ರಲ್ಲಿ 24. ಗಲ್ಫಿನಲ್ಲಿರುವವರು ಸುಖದಲ್ಲಿದ್ದಾರೆ ಎಂದು ನಾನು ಹೇಳುತ್ತಿಲ್ಲ. ನನ್ನ ಭಾವನೂ ಅಲ್ಲೇ ಇದ್ದಾನೆ, ಅಂಗಡಿ ಹುಡುಗರ ಸಂಬಳ ದಿರ್ಹಾಮಿನಲ್ಲಿ ಎಷ್ಟೋ ವರ್ಷದಿಂದ ಏರಿಲ್ಲ ಎನ್ನುತ್ತಾನೆ. ಆದರೂ ರೂಪಾಯಿ ಬಿದ್ದಾಗ ಅವರಿಗೆ ಒಂದು ತಡೆಗೋಡೆ ಇದೆ. ರಿಕ್ಷಾ ಓಡಿಸುವ ಮಾವನಿಗೆ ಯಾವ ಗೋಡೆಯೂ ಇಲ್ಲ. ತಡೆಗೋಡೆ ಇದ್ದವನು ಕೇಳುತ್ತಾನೆ, ಇಲ್ಲದವನು ಕೊಡುತ್ತಾನೆ.

"ಚಿನ್ನ ಹುಡುಗಿಯ ಭದ್ರತೆಗೆ, ನೋಡಿ 2005ರಲ್ಲಿ ಕೊಟ್ಟದ್ದು 2025ರಲ್ಲಿ ಇಪ್ಪತ್ತು ಪಟ್ಟಾಗಿತ್ತು" ಎಂದು ಒಬ್ಬರು ಖಂಡಿತ ಬರೆಯುತ್ತಾರೆ. ಇದು ಪೊಳ್ಳು ವಾದವಲ್ಲ. ಪಿಂಚಣಿಯಿಲ್ಲದ, ಬಡ್ಡಿ ಬೇಡದ ಹೆಂಗಸಿಗೆ ಹಣದುಬ್ಬರದ ಎದುರು ಚಿನ್ನಕ್ಕಿಂತ ಒಳ್ಳೆಯ ಕೊಡೆ ಇಲ್ಲ. ನನ್ನ ತಂಗಿಯ ಮೂವತ್ತು ಪವನ್ ಅವಳ ಕಪಾಟಿನಲ್ಲೇ ಇದ್ದಿದ್ದರೆ 2025ರ ಅಕ್ಟೋಬರಿನ ಬೆಲೆಯಲ್ಲಿ 27 ಲಕ್ಷ. ಆದರೆ ಅದರಲ್ಲಿ ಹದಿನೆಂಟು ಪವನ್ ಮೂರನೇ ವರ್ಷವೇ ಭಾವನ ವೀಸಾಕ್ಕೆ ಹೋಯಿತು. ಉಳಿದದ್ದು ಅಡವು, ಬಿಡಿಸು, ಮತ್ತೆ ಅಡವು. ಈಗ ಇರುವುದು ಎರಡು ಬಳೆ. ಭದ್ರತೆ ಅವಳದ್ದಾಗಿದ್ದರೆ ಕೀಲಿಕೈಯೂ ಅವಳ ಹತ್ತಿರ ಇರಬೇಕಿತ್ತು. ಅವಳ ಭದ್ರತೆಯ ಮೇಲೆ ನಿಜವಾಗಿ ಕಾಳಜಿ ಇದ್ದರೆ ನಮ್ಮ ದೀನಿನಲ್ಲಿ ಅದಕ್ಕೆ ದಾರಿ ಇದೆಯಲ್ಲ: ಮಹರ್. ಕೊಡುವವನು ಗಂಡು, ಪಡೆಯುವವಳು ಹೆಣ್ಣು, ಸೊತ್ತು ಅವಳದ್ದು. ಅದನ್ನು ಮೂವತ್ತು ಪವನ್ ಮಾಡಿ ನೋಡೋಣ. ಆಗ ಚಿನ್ನದ ಬೆಲೆಯ ಬಗ್ಗೆ ಬೆಂಚಿನಲ್ಲಿ ಬೇರೆಯೇ ಚರ್ಚೆ ನಡೆಯುತ್ತದೆ.

ಜಮಾಅತಿನವರಿಗೆ ನನ್ನ ಮಾತು ಇಷ್ಟು. ಪೂರ್ತಿ ನಿಲ್ಲಿಸಿ ಎನ್ನುವುದೇ ಸರಿ. ಎಷ್ಟೋ ವಅಳ್‌ಗಳಲ್ಲಿ ಉಸ್ತಾದರು ಹೇಳಿದ್ದಾರೆ, ನಾವು ಕೇಳಿ ಕಣ್ಣೊರೆಸಿಕೊಂಡು ಮನೆಗೆ ಬಂದಿದ್ದೇವೆ. ಹಾಗಾಗಿ ನಾನು ಅಂಗಡಿಯವನ ಬುದ್ಧಿಯಲ್ಲಿ ಒಂದು ಸಣ್ಣ ವಿಷಯ ಕೇಳುತ್ತೇನೆ. ನಿಶ್ಚಯದ ದಿನ ಯಾರಾದರೂ ಪವನ್ ಎಂಬ ಮಾತು ಎತ್ತಿದರೆ ಆ ನಿಕಾಹಿಗೆ ಮಸೀದಿಯ ಪುಸ್ತಕ ತೆರೆಯಬೇಡಿ. ಈಗಾಗಲೇ ಮಾತು ಕೊಟ್ಟು ಸಿಕ್ಕಿಹಾಕಿಕೊಂಡ ತಂದೆಯಂದಿರ ಹೊರೆಯನ್ನು, ಮಾತು ಆಡಿದ ದಿನದ ರೂಪಾಯಿಯಲ್ಲಿ ಕಟ್ಟಿ ಹಾಕಿ. 2023ರಲ್ಲಿ ಆಡಿದ್ದರೆ 2023ರ ಬೆಲೆ. ಇದರಿಂದ ಕೆಟ್ಟ ಪದ್ಧತಿಗೆ ಮಾನ್ಯತೆ ಸಿಗುತ್ತದೆ ಎಂದು ನನ್ನ ಹಿರಿಯ ಮಗಳೇ ನನ್ನ ಜೊತೆ ಜಗಳ ಮಾಡಿದಳು. ಅವಳು ಹೇಳಿದ್ದು ಸರಿ ಇರಬಹುದು. ಆದರೆ ಆ ರಿಕ್ಷಾದವರ ಸಾಲದ ಪುಟ ಅವಳು ನೋಡಿಲ್ಲ, ನಾನು ನೋಡುತ್ತಿದ್ದೇನೆ. ಮೊದಲು ಅಲ್ಲಿ ತಿಂಗಳಿಗೆ ಎರಡು ಲೀಟರ್ ಎಣ್ಣೆ ಎಂದು ಇರುತ್ತಿತ್ತು. ಈಗ ಅವರ ಕಿರಿಯ ಮಗಳು ಬಂದು ಕಾಲು ಲೀಟರ್ ಕೇಳುತ್ತಾಳೆ. ಆವತ್ತು ಹಾಜಿಯವರು ಮಾತಾಡುವಾಗ ಅಂಗಡಿಯಲ್ಲಿ ಬಾಟಲಿ ಹಿಡಿದು ನಿಂತಿದ್ದವಳು ಅವಳೇ.

ಜಗಳ ಮಾಡಿದ ಆ ಹಿರಿಯ ಮಗಳಿಗೆ ಈಗ ಇಪ್ಪತ್ತೆರಡು, ಬಿಕಾಂ ಮುಗಿದಿದೆ. ಹೋದ ವಾರ ಬ್ರೋಕರ್ ಒಬ್ಬರು ಫೋನ್ ಮಾಡಿದರು. ಹುಡುಗ ದುಬೈಯಲ್ಲಿ, ಒಳ್ಳೆಯ ಮನೆತನ. "ಅವರು ಏನೂ ಕೇಳುವವರಲ್ಲ. ಒಂದು ಐವತ್ತು ಪವನ್, ಅದೂ ನಿಮ್ಮ ಮಗಳ ಮೈಮೇಲೆ ಇರುವುದಕ್ಕೆ" ಎಂದರು. ನಾನು ಕೇಳಿದೆ: "ಸರಿ, ಮಹರ್ ಎಷ್ಟು ಪವನ್ ಎಂದು ಹೇಳಿದ್ದಾರೆ?" ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಕೇಳಿ ಹೇಳುತ್ತೇನೆ ಎಂದು ಇಟ್ಟರು. ಇವತ್ತಿಗೆ ಒಂಬತ್ತು ದಿನ ಆಯಿತು.